4ಕೆ ಟಿವಿ ಬಾಕ್ಸ್ ಈಗಲೇ ಬೇಕಾ? ನಮ್ಮ ಚಾವಡಿಯಲ್ಲಿ ಕೂತು ನೋಡೋಣ

[ಪರದೆ ಎರಡು ಭಾಗ. ಎಡಕ್ಕೆ ಎಚ್‌ಡಿ, ಬಲಕ್ಕೆ 4ಕೆ. ಎರಡರಲ್ಲೂ ಒಂದೇ ಬಣ್ಣದ ವೇಷದ ಮುಖ, ತೀರಾ ಹತ್ತಿರದಿಂದ.]

ನಮಸ್ಕಾರ. ಎಡಗಡೆ ಒಮ್ಮೆ ನೋಡಿ, ಬಲಗಡೆ ಒಮ್ಮೆ ನೋಡಿ. ಯಕ್ಷಗಾನದ ತೆಂಕುತಿಟ್ಟಿನ, ಅಂದರೆ ತೆಂಕು ಶೈಲಿಯ, ಬಣ್ಣದ ವೇಷ; ರಾಕ್ಷಸ ಪಾತ್ರದ್ದು. ಮುಖದ ಮೇಲಿರುವ ಆ ಬಿಳಿ ಮುಳ್ಳುಗಳು ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಇಟ್ಟ ಚಿಟ್ಟಿ. ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಎಚ್‌ಡಿಯಲ್ಲಿ ಅದೊಂದು ದಪ್ಪ ಬಿಳಿ ಗೆರೆ. 4ಕೆಯಲ್ಲಿ ಒಂದೊಂದು ಮುಳ್ಳೂ ಬೇರೆ ಬೇರೆ ಕಾಣುತ್ತದೆ, ಅದರ ನೆರಳೂ ಕಾಣುತ್ತದೆ.

ಮೊಬೈಲಿನಲ್ಲಿ ನೋಡುತ್ತಿರುವವರಿಗೆ ಈ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ. ದೂರ ಕೂತು ಚಿಕ್ಕ ಟಿವಿಯಲ್ಲಿ ನೋಡುವವರಿಗೂ ಅಷ್ಟೇ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯವರು ನಮ್ಮನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಅಣ್ಣಾ, ನೆಟ್‌ನ ವಿಡಿಯೋ ಟಿವಿಯಲ್ಲಿ ನೋಡಲಿಕ್ಕೆ ಬಾಕ್ಸ್ ತೆಗೆದುಕೊಳ್ಳಬೇಕು. 4ಕೆಯದ್ದೇ ಬೇಕಾ, ಸಾದಾ ಎಚ್‌ಡಿ ಸಾಕಾ?" ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ತೆಗೆದುಕೊಳ್ಳುವವರು 4ಕೆಯದ್ದೇ ತೆಗೆದುಕೊಳ್ಳಿ. ಕಂಪೆನಿಗಳು ಕಡಿಮೆ ಬೆಲೆಯ ಬಾಕ್ಸಿನಲ್ಲೂ ಅದನ್ನು ಕೊಡಲೇಬೇಕು. ಈಗಿರುವ ಎಚ್‌ಡಿ ಬಾಕ್ಸ್ ಸರಿಯಾಗಿ ಓಡುತ್ತಿದ್ದರೆ ಮಾತ್ರ 4ಕೆ ಆಸೆಗೆ ಅದನ್ನು ಬಿಸಾಡಬೇಡಿ.

ಈ ಚರ್ಚೆ ಹೊಸದಲ್ಲ. 2015ರಲ್ಲಿ ರೋಕು ಮತ್ತು ಅಮೆಜಾನ್ ಕಂಪೆನಿಗಳು ತಮ್ಮ ಬಾಕ್ಸಿಗೆ 4ಕೆ ಕೊಟ್ಟವು. ಅದೇ ವರ್ಷ ಬಂದ ಆಪಲ್ ಟಿವಿ ಬಾಕ್ಸಿನಲ್ಲಿ 4ಕೆ ಇರಲಿಲ್ಲ, ಅದು ಬಂದದ್ದು 2017ರಲ್ಲಿ. ಆಗ ಕಾಯುವುದರಲ್ಲಿ ಅರ್ಥ ಇತ್ತು. ಟಿವಿ ದುಬಾರಿ, ನೆಟ್ ನಿಧಾನ, ನೋಡಲಿಕ್ಕೆ 4ಕೆ ವಿಡಿಯೋವೇ ಕಡಿಮೆ. ಈಗ ಪೇಟೆಯ ಅಂಗಡಿಗೆ ಹೋಗಿ 43 ಇಂಚಿನ ಟಿವಿ ಕೇಳಿದರೆ ಹೆಚ್ಚಾಗಿ 4ಕೆಯದ್ದೇ ತೋರಿಸುತ್ತಾರೆ.

[ಗ್ರಾಫಿಕ್: ಟಿವಿ, ಸೋಫಾ, ನಡುವೆ ಅಳತೆ ಟೇಪು.]

ಮೊದಲು ಕಣ್ಣಿನ ಲೆಕ್ಕ. ಫುಲ್ ಎಚ್‌ಡಿ ಅಂದರೆ 1920×1080, ಸುಮಾರು 20 ಲಕ್ಷ ಚುಕ್ಕೆ (ಪಿಕ್ಸೆಲ್). 4ಕೆ ಅಂದರೆ 3840×2160, ಸುಮಾರು 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. ಚುಕ್ಕೆ ನಾಲ್ಕು ಪಟ್ಟಾದರೂ ಅದನ್ನು ನೋಡುವ ಕಣ್ಣಿಗೆ ಒಂದು ಮಿತಿ ಇದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬೇರೆ ಮಾಡಿ ಗುರುತಿಸುತ್ತದೆ. ಅದಕ್ಕಿಂತ ಚಿಕ್ಕದಾದರೆ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತದೆ.

ಇದನ್ನು ಟಿವಿಗೆ ಹಾಕಿ ನೋಡೋಣ. 32 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಗಿಂತ ಹೆಚ್ಚಿನದು ಕಾಣಬೇಕಾದರೆ ನೀವು ಸುಮಾರು ನಾಲ್ಕು ಅಡಿಗಿಂತ ಹತ್ತಿರ ಕೂರಬೇಕು. 43 ಇಂಚಿಗೆ ಐದೂವರೆ ಅಡಿ. 55 ಇಂಚಿಗೆ ಏಳು ಅಡಿ. ನಮ್ಮ ಕಡೆಯ ಮನೆಗಳಲ್ಲಿ ಚಾವಡಿಯ ಒಂದು ಗೋಡೆಯಲ್ಲಿ ಟಿವಿ, ಎದುರು ಗೋಡೆಗೆ ತಾಗಿಸಿ ಸೋಫಾ. ನಡುವೆ ಹತ್ತು ಅಡಿ ಇದ್ದೇ ಇರುತ್ತದೆ. ಹತ್ತು ಅಡಿ ದೂರದಿಂದ 4ಕೆಯ ಚುಕ್ಕೆಗಳ ಲಾಭ ಸಿಗಬೇಕಾದರೆ 75 ಇಂಚಿಗಿಂತಲೂ ದೊಡ್ಡ ಟಿವಿ ಬೇಕು. ಅಷ್ಟು ದೊಡ್ಡದು ಎಷ್ಟು ಮನೆಯಲ್ಲಿದೆ ಹೇಳಿ.

ಥಿಯೇಟರಿನ ಸುದ್ದಿಯನ್ನೂ ಹೇಳಬೇಕು. ಅಷ್ಟು ದೊಡ್ಡ ಪರದೆಯಲ್ಲಿ ಬಹಳಷ್ಟು ಸಿನಿಮಾ ಇವತ್ತಿಗೂ 2ಕೆಯಲ್ಲೇ ಓಡುತ್ತದೆ. ಅಗಲಕ್ಕೆ 2048 ಚುಕ್ಕೆ, ಅಂದರೆ ಫುಲ್ ಎಚ್‌ಡಿಗಿಂತ ಒಂಚೂರು ಜಾಸ್ತಿ. ನಾವು ದುಡ್ಡು ಕೊಟ್ಟು, ಖುಷಿಯಿಂದ ನೋಡಿ ಬರುತ್ತೇವೆ.

ಹಾಗಾದರೆ 4ಕೆ ಬಾಕ್ಸ್ ಯಾಕೆ ಬೇಕು? ಎರಡು ಕಾರಣ ಇದೆ. ಎರಡೂ ಬಾಕ್ಸಿನ ಹೊರಗೆ ದೊಡ್ಡದಾಗಿ ಬರೆದಿರುವುದಿಲ್ಲ.

[ದೃಶ್ಯ: ದೊಂದಿಗೆ ರಾಳದ ಹುಡಿ ಎರಚುವಾಗ ಏಳುವ ಬೆಂಕಿ. ನಿಧಾನಗತಿಯಲ್ಲಿ.]

ಒಂದು, ಎಚ್‌ಡಿಆರ್, ಅಂದರೆ ತೀರಾ ಬೆಳಕು, ತೀರಾ ಕತ್ತಲೆ ಎರಡನ್ನೂ ಒಟ್ಟಿಗೆ ತೋರಿಸುವ ವಿಡಿಯೋ. ಬಣ್ಣದ ವೇಷ ರಂಗಕ್ಕೆ ಬರುವ ಗಳಿಗೆ ನೆನಪಿಸಿಕೊಳ್ಳಿ. ಸುತ್ತ ಕತ್ತಲೆ, ಕೈಯಲ್ಲಿ ದೊಂದಿ, ರಾಳದ ಹುಡಿ ಬಿದ್ದ ಕೂಡಲೇ ಭಗ್ಗನೆ ಬೆಂಕಿ. ಸಾದಾ ವಿಡಿಯೋದಲ್ಲಿ ಆ ಬೆಂಕಿ ಬರೇ ಬಿಳಿ ತೇಪೆ, ಹಿಂದಿರುವ ಕಿರೀಟ ಪೂರ್ತಿ ಕಪ್ಪು. ಒಂದನ್ನು ಕಾಣಿಸಿದರೆ ಇನ್ನೊಂದು ಹೋಗುತ್ತದೆ. ಸಾದಾ ವಿಡಿಯೋದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. ಎಚ್‌ಡಿಆರ್‌ನಲ್ಲಿ 1024. ಅದರ ಜೊತೆಗೆ ಬೆಳಕಿನ ಏರಿಳಿತವೂ ತುಂಬಾ ದೊಡ್ಡದು. ಹಾಗಾಗಿ ಬೆಂಕಿಯೊಳಗಿನ ಹಳದಿಯೂ ಉಳಿಯುತ್ತದೆ, ಕತ್ತಲೆಯೊಳಗಿನ ಕಿರೀಟದ ಚಿನ್ನದ ಬಣ್ಣವೂ ಉಳಿಯುತ್ತದೆ. ಇದು ಹತ್ತು ಅಡಿ ದೂರದಿಂದಲೂ ಕಾಣುತ್ತದೆ. ನನ್ನ ಮಟ್ಟಿಗೆ 4ಕೆ ಬಾಕ್ಸಿನ ದೊಡ್ಡ ಲಾಭ ಇದೇ, ಯಾಕೆಂದರೆ ಎಚ್‌ಡಿಆರ್ ಹೆಚ್ಚಾಗಿ 4ಕೆ ಬಾಕ್ಸ್, 4ಕೆ ಟಿವಿಗಳ ಜೊತೆಗೇ ಬರುತ್ತದೆ. ಟಿವಿಯಲ್ಲಿ ಸಾಕಷ್ಟು ಬೆಳಕು ಇರಬೇಕು ಅನ್ನುವುದೂ ಸೇರಿಸಿಕೊಳ್ಳಿ. ಅಗ್ಗದ ಕೆಲವು ಟಿವಿಗಳಲ್ಲಿ ಎಚ್‌ಡಿಆರ್ ಅಂತ ಬರೆದಿರುತ್ತದೆ, ಅದನ್ನು ತೋರಿಸುವಷ್ಟು ಬೆಳಕು ಇರುವುದಿಲ್ಲ.

ಇನ್ನೊಂದು, ಚಿಪ್. ನೆಟ್‌ನಲ್ಲಿ ಬರುವ ವಿಡಿಯೋ ಒತ್ತಿ ಚಿಕ್ಕದು ಮಾಡಿದ ವಿಡಿಯೋ. ಅದನ್ನು ಬಿಡಿಸುವುದು ಬಾಕ್ಸಿನ ಕೆಲಸ. ಹಳೆಯ ವಿಧಾನ ಎಚ್.264, ಅದು 2003ರದ್ದು. 2013ರಲ್ಲಿ ಎಚ್‌ಇವಿಸಿ ಬಂತು, ಸುಮಾರು ಅರ್ಧ ಡೇಟಾದಲ್ಲಿ ಅದೇ ಚಿತ್ರ ಕೊಡುತ್ತದೆ. ಅದೇ ಹೊತ್ತಿಗೆ ಗೂಗಲ್‌ನ ವಿಪಿ9. 2018ರಲ್ಲಿ ಎವಿ1, ಇನ್ನೂ ಕಡಿಮೆ ಡೇಟಾ. ಇದನ್ನೆಲ್ಲ ಬಿಡಿಸುವ ಶಕ್ತಿ ಚಿಪ್ಪಿನಲ್ಲೇ ಇರಬೇಕು. ಆಮೇಲೆ ಅಪ್‌ಡೇಟ್ ಹಾಕಿ ಸೇರಿಸಲಿಕ್ಕೆ ಆಗುವುದಿಲ್ಲ. ನಮ್ಮಲ್ಲಿ ಒಂದು ಬಾಕ್ಸ್ ತಂದರೆ ಅದು ಹಾಳಾಗುವ ತನಕ ಓಡಬೇಕು. ಅದಕ್ಕೇ ಇವತ್ತಿನ ಟಿವಿ ನೋಡಿ ಬಾಕ್ಸ್ ತೆಗೆದುಕೊಂಡರೆ ಸಾಲದು.

ಇಲ್ಲೇ ಎಚ್ಚರಿಕೆ ಬೇಕು. 4ಕೆ ಅಂತ ಬರೆದಿರುವ ಎಲ್ಲದರಲ್ಲೂ ಹೊಸ ಚಿಪ್ ಇರುವುದಿಲ್ಲ. 2020ರಲ್ಲಿ ಗೂಗಲ್ ತಂದ, ಟಿವಿಗೆ ಚುಚ್ಚುವ 4ಕೆ ಕ್ರೋಮ್‌ಕಾಸ್ಟಿನಲ್ಲಿ ಎವಿ1 ಇಲ್ಲ. 2022ರಲ್ಲಿ ಅದೇ ಗೂಗಲ್ ತಂದ ಅಗ್ಗದ ಎಚ್‌ಡಿ ಕ್ರೋಮ್‌ಕಾಸ್ಟಿನಲ್ಲಿ ಇದೆ! ಅಂಗಡಿಯಲ್ಲಿ "4ಕೆ ಇದೆಯಾ" ಅಂತ ಕೇಳಿದ ಮೇಲೆ "ಎವಿ1 ಇದೆಯಾ" ಅಂತಲೂ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಮನೆಗೆ ಬಂದು ಹುಡುಕಿ. ಆಮೇಲೆ ದುಡ್ಡು ಕೊಡಿ.

[ದೃಶ್ಯ: ರಸ್ತೆ ಬದಿಯ ಕಂಬ, ಅಡಿಕೆ ತೋಟದ ನಡುವೆ ಜೋತಾಡುವ ಫೈಬರ್ ವಯರು.]

ಇನ್ನು ನೆಟ್. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ ವೇಗ ಬೇಕು ಅನ್ನುತ್ತದೆ, ಯೂಟ್ಯೂಬ್ 20 ಅನ್ನುತ್ತದೆ. ಫುಲ್ ಎಚ್‌ಡಿಗೆ ಇಬ್ಬರದ್ದೂ 5. ಮನೆಗೆ ಫೈಬರ್ ಬಂದಿದ್ದರೆ ಸಾಮಾನ್ಯ ಪ್ಲಾನಿನಲ್ಲೇ ಇದು ಸಾಕಷ್ಟು ಸಿಗುತ್ತದೆ. ಫೈಬರ್ ಇಲ್ಲದೆ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನೋಡುವವರು ಮಾತ್ರ ಲೆಕ್ಕ ಹಾಕಿ. 15 ಎಂಬಿಪಿಎಸ್ ಅಂದರೆ ಗಂಟೆಗೆ ಸುಮಾರು 6.75 ಜಿಬಿ. ದಿನಕ್ಕೆ 2 ಜಿಬಿಯ ಪ್ಯಾಕು 18 ನಿಮಿಷದೊಳಗೆ ಮುಗಿಯುತ್ತದೆ. ಯಕ್ಷಗಾನದ ಆರಂಭದ ಪೂರ್ವರಂಗವೂ ಮುಗಿದಿರುವುದಿಲ್ಲ.

ವೇಗಕ್ಕಿಂತ ನಮಗೆ ಕಷ್ಟ ಕೊಡುವುದು ಲೈನ್ ಆಗಾಗ ಕಡಿದು ಹೋಗುವುದು. ತೋಟದ ನಡುವೆ ಹಾದುಹೋಗುವ ವಯರಿನ ಮೇಲೆ ಒಂದು ಅಡಿಕೆ ಸೋಗೆ ಬಿದ್ದರೆ ಸಾಕು. ಮಳೆಗಾಲದಲ್ಲಿ ಸರಿ ಮಾಡುವವರು ಬರುವ ತನಕ ಕಾಯಬೇಕು. ಒಳ್ಳೆಯ ಬಾಕ್ಸ್ ಅಂದರೆ ನೆಟ್ ಕುಗ್ಗಿದಾಗ ಚಿತ್ರ ನಿಲ್ಲಿಸದೆ 4ಕೆಯಿಂದ ಎಚ್‌ಡಿಗೆ, ಎಚ್‌ಡಿಯಿಂದ ಇನ್ನೂ ಕೆಳಗೆ ಇಳಿದು ಓಡಿಸುವಂಥದ್ದು. ಸುತ್ತುವ ಚಕ್ರ ನೋಡುತ್ತಾ ಕೂರುವುದಕ್ಕಿಂತ ಅದು ಎಷ್ಟೋ ಮೇಲು ಅಲ್ವಾ?

ಮನೆಯೊಳಗೂ ಒಂದು ಅಡ್ಡಿ ಇದೆ. ಕೆಂಪುಕಲ್ಲಿನ ದಪ್ಪ ಗೋಡೆ ಎರಡು ದಾಟುವಾಗ ವೈಫೈ ಸೋತು ಹೋಗಿರುತ್ತದೆ, ಅದರಲ್ಲೂ 5 ಗಿಗಾಹರ್ಟ್ಸ್‌ನದ್ದು. ಮೋಡೆಮ್ ಆಫೀಸು ಕೋಣೆಯಲ್ಲಿ, ಟಿವಿ ಚಾವಡಿಯಲ್ಲಿ ಇದ್ದರೆ ನಡುವೆ ಒಂದು ಲ್ಯಾನ್ ವಯರು ಎಳೆಸಿ. ಬಾಕ್ಸಿನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಆದರೂ 4ಕೆಗೆ ಧಾರಾಳ ಸಾಕು. ಟಿವಿಗೆ ನೇರ ಚುಚ್ಚುವ ಸ್ಟಿಕ್‌ಗಳಲ್ಲಿ ಈ ಪೋರ್ಟ್ ಇರುವುದಿಲ್ಲ. ನಾನು ಬಾಕ್ಸಿನ ಪರ ಇರುವುದಕ್ಕೆ ಅದೂ ಒಂದು ಕಾರಣ. ಸಿಡಿಲಿನ ಹೊತ್ತಿಗೆ ಪ್ಲಗ್ ಜೊತೆ ಲ್ಯಾನ್ ವಯರನ್ನೂ ಕೀಳಲು ಮರೆಯಬೇಡಿ.

ಗಲ್ಫಿನಿಂದ ಬರುವ ಬಾಕ್ಸುಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಊರಿಗೆ ಬರುವಾಗ ಬಾವನೋ ಮಾವನೋ ಪ್ರೀತಿಯಿಂದ ತಂದಿರುತ್ತಾರೆ. ಮೇಲೆ 8ಕೆ ಅಂತ ಬರೆದಿರುತ್ತದೆ, ಎಲ್ಲ ಚಾನೆಲ್ ಫ್ರೀ ಅಂತ ಇರುತ್ತದೆ. ಹೆಸರಿಲ್ಲದ ಇಂಥ ಬಾಕ್ಸುಗಳಲ್ಲಿ ಬಹಳಷ್ಟಕ್ಕೆ ವೈಡ್‌ವೈನ್ ಎಲ್1 ಎಂಬ ಸುರಕ್ಷತೆಯ ಅನುಮತಿ ಇರುವುದಿಲ್ಲ. ಅದಿಲ್ಲದಿದ್ದರೆ ನೆಟ್‌ಫ್ಲಿಕ್ಸಿನಂಥವರು ಎಚ್‌ಡಿಯನ್ನೂ ಕೊಡುವುದಿಲ್ಲ. ನೀವು ತಿಂಗಳಿಗೆ 649 ರೂಪಾಯಿಯ 4ಕೆ ಪ್ಲಾನ್ ಹಾಕಿಸಿದ್ದರೂ ಬರುವುದು ಹಳೆಯ ಡಿವಿಡಿ ಮಟ್ಟದ ಚಿತ್ರ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಬ್ಯಾಡ್‌ಬಾಕ್ಸ್ 2.0 ಎಂಬ ಕಳ್ಳ ಸಾಫ್ಟ್‌ವೇರ್ ಲಕ್ಷಗಟ್ಟಲೆ ಇಂಥ ಅಗ್ಗದ ಉಪಕರಣಗಳಲ್ಲಿ ಸೇರಿಕೊಂಡಿದೆ, ಕೆಲವದರಲ್ಲಿ ಕಾರ್ಖಾನೆಯಿಂದ ಬರುವಾಗಲೇ ಇರುತ್ತದೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ನಿಮ್ಮ ಮನೆಯ ನೆಟ್ ಬಳಸಿ ಇನ್ಯಾರೋ ಕಳ್ಳ ಕೆಲಸ ಮಾಡುತ್ತಾರೆ. ಅದೇ ವೈಫೈಯಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ಕೂಡ ಇರುತ್ತದೆ. ತಂದುಕೊಟ್ಟವರಿಗೆ ಬೇಸರ ಆಗುತ್ತದೆ ಅಂತ ಇಟ್ಟುಕೊಳ್ಳಬೇಡಿ, ತೆಗೆದುಬಿಡಿ.

[ದೃಶ್ಯ: ಟಿವಿಯ ಹಿಂಬದಿ, ಎಚ್‌ಡಿಎಂಐ ಪೋರ್ಟುಗಳು.]

ಒಳ್ಳೆಯ ಬಾಕ್ಸ್ ತಂದ ಮೇಲೂ 4ಕೆ ಬಾರದಿದ್ದರೆ ಟಿವಿಯ ಹಿಂದೆ ನೋಡಿ. ಹಳೆಯ ಕೆಲವು 4ಕೆ ಟಿವಿಗಳಲ್ಲಿ ಎಲ್ಲ ಪೋರ್ಟೂ ಒಂದೇ ಥರ ಅಲ್ಲ. ಎಚ್‌ಡಿಎಂಐ 2.0 ಮತ್ತು ಎಚ್‌ಡಿಸಿಪಿ 2.2 (ನಕಲು ತಡೆಯುವ ವ್ಯವಸ್ಥೆ) ಇರುವ ಪೋರ್ಟಿಗೇ ಹಾಕಬೇಕು. ಎಚ್‌ಡಿಎಂಐ 1.4ರಲ್ಲಿ 4ಕೆ ಬಂದರೂ ಸೆಕೆಂಡಿಗೆ 30 ಫ್ರೇಮ್ ಮಾತ್ರ. ಟಿವಿಯ ಸೆಟ್ಟಿಂಗ್ಸಿನಲ್ಲಿ ಆ ಪೋರ್ಟಿಗೆ ಪೂರ್ತಿ ಸಾಮರ್ಥ್ಯ ಕೊಡುವ ಆಯ್ಕೆಯೂ ಬೇರೆ ಇರುತ್ತದೆ, ಎನ್‌ಹಾನ್ಸ್ಡ್ ಅಂತಲೋ ಡೀಪ್ ಕಲರ್ ಅಂತಲೋ. ಅದನ್ನು ಆನ್ ಮಾಡಿ. ಬಾಕ್ಸಿನಲ್ಲಿ "ಮ್ಯಾಚ್ ಕಂಟೆಂಟ್" ಇದ್ದರೆ ಅದನ್ನೂ ಹಾಕಿ. ಇಲ್ಲದಿದ್ದರೆ ಸಾದಾ ವಿಡಿಯೋವನ್ನೂ ಎಚ್‌ಡಿಆರ್ ಮಾಡಲು ಹೋಗಿ ಮುಖದ ಬಣ್ಣವೇ ಬದಲಾಗುತ್ತದೆ.

ಕೊನೆಗೆ ಉಳಿಯುವುದು ನೋಡುವುದು ಏನನ್ನು ಅನ್ನುವ ಪ್ರಶ್ನೆ. ನನಗೆ ಇದೇ ಮುಖ್ಯ. ದೊಡ್ಡ ಸಿನಿಮಾ, ದೊಡ್ಡ ಸರಣಿಗಳು 4ಕೆಯಲ್ಲಿ ಸಿಗುತ್ತವೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರಿನವರಾದ ನಾವು ದಿನಾ ಹಾಕುವುದು ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಇಲ್ಲವೇ ವೇಷ ಕುಣಿತ ಇಲ್ಲದೆ ಹಾಡು ಮಾತಿನಲ್ಲೇ ನಡೆಯುವ ತಾಳಮದ್ದಳೆ. ತಾಳಮದ್ದಳೆಗೆ 4ಕೆ ಬೇಡವೇ ಬೇಡ. ಅಲ್ಲಿ ದುಡ್ಡು ಹಾಕುವುದಿದ್ದರೆ ಮೈಕಿಗೆ ಹಾಕಿ. ಆಟದ ಲೈವ್‌ಗೂ ಈಗ 4ಕೆಯ ಹಟ ಬೇಡ. ಗದ್ದೆಯಲ್ಲಿ ರಂಗಸ್ಥಳ, ಮೊಬೈಲ್ ಟವರ್ ದೂರ, ಸಾವಿರ ಜನ ಅದೇ ಟವರ್ ಬಳಸುತ್ತಿರುತ್ತಾರೆ. ಅಪ್‌ಲೋಡ್ ಕುಗ್ಗಿದಾಗ ಹಾರಿ ಸುತ್ತುತ್ತಾ ಧೀಂಗಿಣ ಹೊಡೆಯುವ ವೇಷ ಚೌಕ ಚೌಕವಾಗಿ ಒಡೆದು ಹೋಗುತ್ತದೆ. ಅಲ್ಲಿ ಎಚ್‌ಡಿಯಲ್ಲೇ ಸೆಕೆಂಡಿಗೆ 60 ಫ್ರೇಮ್ ಕಳಿಸಿದರೆ ಕುಣಿತ ಎಷ್ಟು ಚೆಂದ ಬರುತ್ತದೆ!

ರೆಕಾರ್ಡಿಂಗ್ ಬೇರೆ ಮಾತು. ಲೈವ್ ಎಚ್‌ಡಿಯಲ್ಲಿ ಹೋಗಲಿ, ಕ್ಯಾಮೆರಾದ ಒಳಗೆ 4ಕೆಯಲ್ಲಿ ಉಳಿಸಿಕೊಳ್ಳಿ ಅಂತ ಆಟ ಚಿತ್ರೀಕರಿಸುವ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. 100 ಎಂಬಿಪಿಎಸ್‌ನಲ್ಲಿ ಗಂಟೆಗೆ 45 ಜಿಬಿ, ಇಡೀ ರಾತ್ರಿಯ ಆಟಕ್ಕೆ 400 ಜಿಬಿ ಹತ್ತಿರ ಆಗುತ್ತದೆ. ಕಾಲಮಿತಿಯ ಆಟಕ್ಕೆ ಅದಕ್ಕಿಂತ ಕಡಿಮೆ. ಖರ್ಚು ಇದೆ, ಒಪ್ಪುತ್ತೇನೆ. ಆದರೆ ಹಿರಿಯ ಕಲಾವಿದರೊಬ್ಬರ ವೇಷ ಮತ್ತೆ ಸಿಗುವುದಿಲ್ಲ. ಹಿಂದಿನ ತಲೆಮಾರಿನ ಎಷ್ಟೋ ವೇಷಗಳು ನಮಗೆ ಮಸುಕಾದ ಕ್ಯಾಸೆಟ್ ಪ್ರತಿಯಲ್ಲಷ್ಟೇ ಉಳಿದಿವೆ. ಆಗ ಬೇರೆ ದಾರಿ ಇರಲಿಲ್ಲ. ಈಗ ಇದೆ. ನೋಡುವವರ ಮನೆಯಲ್ಲಿ 4ಕೆ ಬಾಕ್ಸ್ ಇದ್ದರೆ ತೆಗೆಯುವವರಿಗೂ ಆ ಖರ್ಚು ಮಾಡಲು ಧೈರ್ಯ ಬರುತ್ತದೆ.

[ಪರದೆ: ಯೂಟ್ಯೂಬ್ ಸೆಟ್ಟಿಂಗ್ಸ್.]

ಈಗ ಒಂದು ಕೆಲಸ ಮಾಡಿ. ಟಿವಿಯಲ್ಲಿ ಯೂಟ್ಯೂಬ್ ತೆರೆದು ಇದೇ ವಿಡಿಯೋ ಹಾಕಿ. ಸೆಟ್ಟಿಂಗ್ಸ್‌ನಲ್ಲಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಒತ್ತಿ. ರೆಸಲ್ಯೂಷನ್ ಮುಂದೆ 3840×2160 ಬಂದರೆ ನಿಮಗೆ 4ಕೆ ಸಿಗುತ್ತಿದೆ. ಕೋಡೆಕ್ (ವಿಡಿಯೋ ಒತ್ತುವ ವಿಧಾನ) ಮುಂದೆ ವಿಪಿ9 ಇದೆಯಾ ಎವಿ01, ಅಂದರೆ ಎವಿ1, ಇದೆಯಾ ನೋಡಿ. ಆಮೇಲೆ ಸೋಫಾದಿಂದ ಟಿವಿಗೆ ಎಷ್ಟು ಅಡಿ ಅಂತ ಅಳೆಯಿರಿ. ಊರು, ಟಿವಿಯ ಇಂಚು, ಅಡಿ, ಈ ಎರಡು ಸಾಲು, ಇಷ್ಟನ್ನು ಬರೆದು ನಮಗೆ ಕಳಿಸಿ. ಪೆರ್ಲದಿಂದ ಬೋವಿಕ್ಕಾನದ ತನಕ ಯಾರ ಮನೆಗೆ ಎಷ್ಟು ಬರುತ್ತಿದೆ ಅಂತ ಮುಂದಿನ ವಿಡಿಯೋದಲ್ಲಿ ನಕ್ಷೆ ಹಾಕಿ ತೋರಿಸುತ್ತೇವೆ.