ಸಕ್ಕರೆ ಒಡೆಯುವ ಕಿಣ್ವದ ವೇಗವನ್ನು ಅಳೆಯುವ ಬಗೆ

ಕೇಳುಗರಿಗೆ ನಮಸ್ಕಾರ. ಇನ್ವರ್ಟೇಸ್ ಎಂಬ ಕಿಣ್ವವು ನಾವು ದಿನವೂ ಬಳಸುವ ಸಕ್ಕರೆಯನ್ನು, ಅಂದರೆ ಸುಕ್ರೋಸನ್ನು, ನೀರಿನ ನೆರವಿನಿಂದ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಮಾರ್ಪಡಿಸುತ್ತದೆ. ಅದರ ಸಾಮರ್ಥ್ಯವನ್ನು ತೂಕದಿಂದ ತಿಳಿಯಲಾಗದು. ಕೆಟ್ಟುಹೋದ ಕಿಣ್ವಕ್ಕೂ ತೂಕವಿರುತ್ತದೆ. ಹಾಗಾಗಿ ನಿಗದಿತ ಉಷ್ಣತೆ ಮತ್ತು ಪಿಎಚ್‌ನಲ್ಲಿ ಅದು ಮಾಡುವ ಕೆಲಸವನ್ನೇ ಅಳೆಯಬೇಕು. ನಿಮಿಷಕ್ಕೆ ಒಂದು ಮೈಕ್ರೋಮೋಲ್, ಅಂದರೆ ಮೋಲ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು, ಸುಕ್ರೋಸನ್ನು ಒಡೆಯುವಷ್ಟು ಕಿಣ್ವವೇ ಒಂದು ಯೂನಿಟ್.

ಹಳೆಯ ವಿಧಾನ ಬೆಳಕಿನದು. ಸುಕ್ರೋಸ್ ದ್ರಾವಣವು ಧ್ರುವೀಕೃತ ಬೆಳಕಿನ, ಅಂದರೆ ಒಂದೇ ತಲದಲ್ಲಿ ಕಂಪಿಸುವ ಬೆಳಕಿನ, ತಲವನ್ನು ಬಲಕ್ಕೆ ತಿರುಗಿಸುತ್ತದೆ. ಒಡೆದ ಮಿಶ್ರಣದಲ್ಲಿ ಫ್ರಕ್ಟೋಸ್‌ನ ಪ್ರಭಾವವೇ ಹೆಚ್ಚಾಗಿ, ತಿರುಗುವಿಕೆ ಎಡಕ್ಕೆ ಹೊರಳುತ್ತದೆ. ಪೋಲಾರಿಮೀಟರಿನಲ್ಲಿ ಈ ಬದಲಾವಣೆಯನ್ನು ನೋಡುತ್ತ ಹೋದರೆ ಸಾಕೆಂದು ತೋರಬಹುದು, ಆದರೆ ಇಲ್ಲೊಂದು ತೊಡಕಿದೆ. ಆಗಷ್ಟೇ ಬಿಡುಗಡೆಯಾದ ಗ್ಲೂಕೋಸ್ ಆಲ್ಫಾ ರೂಪದಲ್ಲಿದ್ದು, ಅದರ ವಿಶಿಷ್ಟ ಆವರ್ತನ, ಅಂದರೆ ಬೆಳಕನ್ನು ತಿರುಗಿಸುವ ಶಕ್ತಿಯ ಅಳತೆ, ಸುಮಾರು +112 ಡಿಗ್ರಿ. ನಿಧಾನವಾಗಿ ಗ್ಲೂಕೋಸ್‌ನ ಇನ್ನೊಂದು ರೂಪವಾದ ಬೀಟಾದೊಡನೆ ಸಮತೋಲಕ್ಕೆ ಬಂದಾಗ ಅದು +52.7ಕ್ಕೆ ಇಳಿಯುತ್ತದೆ. ಆವರೆಗೆ ಉಪಕರಣದ ಅಂಕಿ ಕಿಣ್ವದ ಕೆಲಸಕ್ಕಿಂತ ಹಿಂದೆಯೇ ಇರುತ್ತದೆ. 1913ರಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಅವರು ಆಗಾಗ ತೆಗೆದ ಮಾದರಿಗಳಿಗೆ ಕ್ಷಾರವನ್ನು ಬೆರೆಸಿ ಇದನ್ನು ಬಗೆಹರಿಸಿದರು. ಕ್ಷಾರವು ಕಿಣ್ವವನ್ನು ತಡೆಯುತ್ತದೆ, ಗ್ಲೂಕೋಸನ್ನು ಬೇಗ ಸಮತೋಲಕ್ಕೂ ತರುತ್ತದೆ. ಒಂದೇ ಹನಿಯಿಂದ ಎರಡು ಕೆಲಸ ಮಾಡಿಸಿದ ಈ ಜಾಣ್ಮೆ, ನನ್ನ ದೃಷ್ಟಿಯಲ್ಲಿ, ಕಿಣ್ವದ ವೇಗವನ್ನು ಲೆಕ್ಕಹಾಕುವ, ಅವರ ಹೆಸರು ಹೊತ್ತ ಸಮೀಕರಣದಷ್ಟೇ ಮೆಚ್ಚತಕ್ಕದ್ದು.

ಬೋಧನಾ ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲದ ವಿಧಾನ. ಕ್ಷಾರೀಯವಾದ ಈ ಹಳದಿ ದ್ರಾವಣವನ್ನು ಮಾದರಿಗೆ ಸೇರಿಸಿ, ಕುದಿಯುವ ನೀರಿನಲ್ಲಿ ಪ್ರನಾಳವನ್ನು ಕೆಲವು ನಿಮಿಷ ಇಟ್ಟರೆ, ಅಪಕರ್ಷಕ ಸಕ್ಕರೆಗಳು, ಅಂದರೆ ಬೇರೆ ವಸ್ತುವಿಗೆ ಎಲೆಕ್ಟ್ರಾನ್ ಕೊಡಬಲ್ಲ ಸಕ್ಕರೆಗಳು, ಇದ್ದಷ್ಟೂ ಬಣ್ಣ ಕೆಂಗಂದಾಗುತ್ತದೆ. ತಣಿಸಿದ ಬಳಿಕ 540 ನ್ಯಾನೋಮೀಟರ್ ತರಂಗಾಂತರದಲ್ಲಿ ಅದರ ಗಾಢತೆಯನ್ನು ಅಳೆಯುತ್ತಾರೆ. ಸುಕ್ರೋಸ್ ಸ್ವತಃ ಅಪಕರ್ಷಕವಲ್ಲ. ಅದರ ಒಂದು ಅಣು ಒಡೆದಾಗ ಎರಡು ಅಪಕರ್ಷಕ ಅಣುಗಳು ಹುಟ್ಟುವುದರಿಂದ, ಬಂದ ಮೊತ್ತವನ್ನು ಎರಡರಿಂದ ಭಾಗಿಸಬೇಕು. ಮರೆತರೆ ಕಿಣ್ವವು ಇದ್ದುದಕ್ಕಿಂತ ಇಮ್ಮಡಿ ಚುರುಕಾಗಿ ಕಾಣುತ್ತದೆ. ಸುಕ್ರೋಸ್ ತೀರುತ್ತ ಬಂದಂತೆ ವೇಗ ಕುಗ್ಗುವುದರಿಂದ, ಕಾಲಕ್ಕೆ ತಕ್ಕಂತೆ ಉತ್ಪನ್ನವು ಸರಳರೇಖೆಯಲ್ಲಿ ಏರುವ ಆರಂಭದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಗ್ಲೂಕೋಸನ್ನು ಮಾತ್ರ ಅಳೆಯಬೇಕಾದಾಗ ಗ್ಲೂಕೋಸ್ ಆಕ್ಸಿಡೇಸ್ ಮತ್ತು ಪೆರಾಕ್ಸಿಡೇಸ್ ಕಿಣ್ವಗಳ ಜೋಡಿಯನ್ನು ಬಳಸುತ್ತಾರೆ; ಗ್ಲೂಕೋಸ್ ಇದ್ದಷ್ಟೂ ಇಲ್ಲಿ ಬಣ್ಣ ಮೂಡುತ್ತದೆ. ಆದರೆ ಗ್ಲೂಕೋಸ್ ಆಕ್ಸಿಡೇಸ್‌ನ ಕೆಲವು ತಯಾರಿಕೆಗಳಲ್ಲಿ ಇನ್ವರ್ಟೇಸ್‌ನ ಅಂಶವೂ ಬೆರೆತಿರಬಹುದಾದ್ದರಿಂದ, ಪರೀಕ್ಷಿಸುವ ಕಿಣ್ವವನ್ನು ಹಾಕದೆ ಸುಕ್ರೋಸನ್ನಷ್ಟೇ ಹಾಕಿದ ಒಂದು ಪ್ರನಾಳವನ್ನೂ ಜೊತೆಗಿಟ್ಟು, ಅಲ್ಲಿ ಮೂಡಿದ ಬಣ್ಣವನ್ನು ಕಳೆದೇ ಫಲಿತಾಂಶ ಬರೆಯಬೇಕು.