ಪಾಸ್‌ಔಟ್ ಇಸವಿ ಯಾವ್ದು?

ಕೇಳುಗರಿಗೆಲ್ಲ ನಮಸ್ಕಾರ. ಇಂಜಿನಿಯರಿಂಗ್ ಮುಗ್ಸಿ ಕೂತಿರೋ ಮಕ್ಳಿರೋ ಮನೇಲಿ ಒಂದು ಮಾತು ಕೇಳಿರ್ತೀರ, ಪಕ್ಕದ್ಮನೆ ಹುಡ್ಗ 2021ರಲ್ಲಿ ಪಾಸಾದ, ಆಗ್ಲೇ ಅವ್ನ ಕೈಲಿ ಮೂರು ಆಫರ್ ಇತ್ತು, ನಿಂಗ್ಯಾಕೆ ಒಂದೂ ಬರ್ತಿಲ್ಲ ಅಂತ. ಸ್ವಲ್ಪ ತಡೀರಿ, ಇಬ್ರಿಗೂ ಬುದ್ಧಿ ಒಂದೇ ಇರ್ಬೋದು, ಮಾರ್ಕ್ಸ್ ಕಾರ್ಡ್ ಮೇಲಿನ ಇಸವಿ ಬೇರೆ. 2021-22ರಲ್ಲಿ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ಒಂದೇ ಸುಮಾರು ಒಂದು ಲಕ್ಷ ಫ್ರೆಶರ್ಸ್, ಅಂದ್ರೆ ಆಗಷ್ಟೇ ಓದು ಮುಗ್ಸಿದೋರನ್ನ ತಗೊಂಡಿತ್ತು. 2023-24ಕ್ಕೆ ಬಂದ್ರೆ ಅದೇ ಕಂಪನಿಯ ಒಟ್ಟು ಸಿಬ್ಬಂದಿನೇ 13 ಸಾವಿರದಷ್ಟು ಇಳೀತು.

2022ರ ಮಾರ್ಚಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸ್ತಾ ಹೋಯ್ತು, ಅಲ್ಲಿನ ಬ್ಯಾಂಕುಗಳು ಕಂಪನಿಗಳು ಸಾಫ್ಟ್‌ವೇರ್ ಖರ್ಚಿಗೆ ಕೈ ಬಿಗಿ ಮಾಡಿದ್ವು, ಅವ್ರ ಕೆಲ್ಸ ಮಾಡ್ಕೊಡೋ ನಮ್ಮ ಐಟಿ ಕಂಪನಿಗಳಿಗೆ ಕೆಲ್ಸ ಕಮ್ಮಿ ಆಯ್ತು, ಅದರ ಬಿಸಿ ಬಂದು ತಟ್ಟಿದ್ದು ಹಾಸನ, ದಾವಣಗೆರೆ, ಬೆಳಗಾವಿ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್ಲಿಗೆ. ಫ್ರೆಶರ್ಸಿಗೇ ಯಾಕೆ ಮೊದ್ಲು ಅಂದ್ರೆ, ಒಳಗಿರೋರನ್ನ ತೆಗೆದ್ರೆ ಕಂಪನಿ ಹೆಸರು ಪೇಪರಲ್ಲಿ ಬರತ್ತೆ, ಹೊಸಬರನ್ನ ತಗೊಳ್ದೇ ಇದ್ರೆ ಯಾರೂ ಕೇಳಲ್ಲ. ಹೊಸಬರಿಗೆ ತಿಂಗಳುಗಟ್ಲೆ ಟ್ರೈನಿಂಗ್ ಬೇರೆ ಕೊಡ್ಬೇಕು, ಅಲ್ಲೀವರ್ಗೂ ಅವ್ರ ಹೆಸರಲ್ಲಿ ಕ್ಲೈಂಟಿಗೆ ಒಂದ್ರೂಪಾಯಿ ಬಿಲ್ ಆಗಲ್ಲ. ಇಂಥ ಟೈಮಲ್ಲಿ ಒಳಗಿರೋರೂ ಜಾಬ್ ಬಿಟ್ಟು ಹೋಗಲ್ಲ, ಸೀಟ್ ಖಾಲಿ ಆಗೋದೆಲ್ಲಿಂದ?

ಆಫರ್ ಲೆಟರ್ ಇದ್ದೋರ ಕಥೆನೂ ಅಷ್ಟೇ. 2008ರ ಸೆಪ್ಟೆಂಬರಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿದ್ಮೇಲೆ 2009ರ ಬ್ಯಾಚಲ್ಲಿ ಎಷ್ಟೋ ಜನ ಜಾಯಿನಿಂಗ್ ಡೇಟ್‌ಗೆ ಕಾದು ಕಾದು ಸುಸ್ತಾದ್ರು. 2023ರಲ್ಲಿ ಬೆಂಗಳೂರಿನ ಒಂದು ದೊಡ್ಡ ಕಂಪನಿ, ವರ್ಷಕ್ಕೆ ಆರೂವರೆ ಲಕ್ಷದ ಆಫರ್ ಹಿಡ್ಕೊಂಡು ಕಾಯ್ತಿದ್ದೋರಿಗೆ ಮೂರೂವರೆ ಲಕ್ಷಕ್ಕೆ ಬರ್ತೀರಾ ಅಂತ ಮೇಲ್ ಕಳ್ಸ್ತು.

ನನಗೆ ಸಿಟ್ಟು ಬರೋದು ಆಮೇಲಿಂದಕ್ಕೆ. ಮಾರ್ಕೆಟ್ ಸುಧಾರಿಸಿದ್ಮೇಲೆ ಕಂಪನಿಗಳು ಮತ್ತೆ ಕ್ಯಾಂಪಸ್ಸಿಗೆ ಬರ್ತವೆ, ಆದ್ರೆ ಆ ವರ್ಷದ ಬ್ಯಾಚಿಗೋಸ್ಕರ. ಎರಡು ವರ್ಷ ಕಾದೋನು ಆಫ್ ಕ್ಯಾಂಪಸ್, ಅಂದ್ರೆ ಕಾಲೇಜಿನ ಹೊರಗಿಂದ ತಾನೇ ಅಪ್ಲೈ ಮಾಡಿದ್ರೆ ಎಷ್ಟೋ ಕಡೆ ಪಾಸ್‌ಔಟ್ ಇಸವಿ ನೋಡೇ ರಿಜೆಕ್ಟ್, ಇಂಟರ್ವ್ಯೂವರೆಗೆ ಹೋದ್ರೆ ಗ್ಯಾಪ್ ಯಾಕೆ ಅಂತ ಎಚ್‌ಆರ್ ಕೇಳ್ತಾರೆ. ಗ್ಯಾಪ್ ಮಾಡಿದ್ದು ಯಾರು ಸ್ವಾಮಿ?

ಕೆನಡಾದಲ್ಲಿ ಇದನ್ನ ಲೆಕ್ಕ ಹಾಕಿ ನೋಡಿದಾರೆ. ಆರ್ಥಿಕ ಹಿಂಜರಿತದಲ್ಲಿ ಡಿಗ್ರಿ ಮುಗಿಸಿದೋರ ಸಂಪಾದನೆ ಶುರುನಲ್ಲಿ ಸುಮಾರು ಶೇ. 9ರಷ್ಟು ಕಮ್ಮಿ, ಅದು ಸರಿಹೋಗೋಕೆ ಹತ್ತು ವರ್ಷದ ಹತ್ರ ಹಿಡೀತಂತೆ. ಚೇತರಿಸ್ಕೊಂಡೋರು ಹೇಗೆ ಚೇತರಿಸ್ಕೊಂಡ್ರು ಅಂದ್ರೆ, ಮೊದ್ಲು ಸಿಕ್ಕಿದ ಸಣ್ಣ ಕಂಪನಿಗೆ ಸೇರಿ, ಆಮೇಲೆ ಒಂದೊಂದೇ ಜಿಗಿದು ಒಳ್ಳೆ ಕಡೆ ಹೋದ್ರು. ಹಾಗಾಗಿ ದೊಡ್ಡ ಹೆಸರೇ ಬೇಕು ಅಂತ ಕೂರ್ಬೇಡ್ರಪ್ಪ, ಅಪ್ರೆಂಟಿಸ್‌ಶಿಪ್ ಸಿಕ್ರೂ ಹೋಗಿ, ಗ್ಯಾಪ್ ತುಂಬತ್ತೆ, ಆದ್ರೆ ಅಲ್ಲೇ ಬೇರು ಬಿಡ್ಬೇಡಿ.

ಅದೂ ಸಿಗ್ಲಿಲ್ಲ, ಪಾಸಾಗಿ ಆರು ತಿಂಗ್ಳು ಕಳೀತು ಅಂದ್ರೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಇದೆ, ಪದವೀಧರರಿಗೆ ತಿಂಗ್ಳಿಗೆ 3000, ಡಿಪ್ಲೊಮಾದೋರಿಗೆ 1500, ಹೆಚ್ಚಂದ್ರೆ ಎರಡು ವರ್ಷ. ಸೇವಾ ಸಿಂಧು ಪೋರ್ಟಲಲ್ಲಿ ಅರ್ಜಿ ಹಾಕಿ, ಇಂಟರ್ವ್ಯೂಗೆ ಹೋಗೋಕೆ ಅಪ್ಪನ ಹತ್ರ ಬಸ್ ಚಾರ್ಜ್ ಕೇಳೋದಾದ್ರೂ ತಪ್ಪತ್ತೆ. ನಮಸ್ಕಾರ.