ಇಂಟರ್ನಲ್ಸ್ ವಾರದಲ್ಲೂ ನಿಲ್ಲದ ಚಾನೆಲ್

ಕೇಳುಗರಿಗೆ ನಮಸ್ಕಾರ. ಓದುತ್ತಲೇ ಯೂಟ್ಯೂಬ್ ಚಾನೆಲ್ ಶುರುಮಾಡುವ ವಿದ್ಯಾರ್ಥಿಗಳಿಗೇನೂ ಕೊರತೆಯಿಲ್ಲ. ಆದರೆ ಎರಡನೇ ಇಂಟರ್ನಲ್ಸ್, ಅಂದರೆ ಕಾಲೇಜಿನ ಆಂತರಿಕ ಪರೀಕ್ಷೆ, ಬರುವಷ್ಟರಲ್ಲಿ ಎಷ್ಟೋ ಚಾನೆಲ್‌ಗಳು ಸದ್ದಿಲ್ಲದೆ ನಿಂತುಬಿಡುತ್ತವೆ. ಅದನ್ನು ಸೋಮಾರಿತನ ಅನ್ನುವುದು ಅನ್ಯಾಯ. ಗಂಟೆಗಳ ಲೆಕ್ಕ ಹಾಕದೆ ಹೊರಟದ್ದೇ ನಿಜವಾದ ಕಾರಣ.

ಎಂಟು ನಿಮಿಷದ ಒಂದು ಪಾಠದ ವಿಡಿಯೋ ತೆಗೆದುಕೊಳ್ಳಿ. ಬರೆದುಕೊಳ್ಳಲು 2 ಗಂಟೆ, ಚಿತ್ರೀಕರಣಕ್ಕೆ 1, ಎಡಿಟಿಂಗ್‌ಗೆ 4, ಥಂಬ್‌ನೇಲ್, ಶೀರ್ಷಿಕೆ, ವಿವರಣೆ ಎಲ್ಲ ಸೇರಿ ಇನ್ನೊಂದು. ಅಲ್ಲಿಗೆ 8 ಗಂಟೆ. ವಾರಕ್ಕೆ ಎರಡು ವಿಡಿಯೋ ಅಂದರೆ 16. ಲ್ಯಾಬ್ ರೆಕಾರ್ಡ್ ಬರೆಯಬೇಕಾದವರಿಗೆ ಇದು ಆಗದ ಮಾತು. ವಾರಕ್ಕೊಂದು ಸಾಕು, ಹದಿನೈದು ದಿನಕ್ಕೊಂದಾದರೂ ನಷ್ಟವಿಲ್ಲ.

ಕ್ಲಾಸಿಗೆ ಚಕ್ಕರ್ ಹಾಕಿ ಆ ಗಂಟೆಗಳನ್ನು ಹೊಂದಿಸಲು ಹೋಗಬೇಡಿ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಹಾಜರಾತಿ ಶೇ. 85 ಇರಬೇಕು. 40 ಗಂಟೆಯ ವಿಷಯದಲ್ಲಿ ತಪ್ಪಿಸಿಕೊಳ್ಳಬಹುದಾದದ್ದು ಆರೇ ಕ್ಲಾಸು. ಜ್ವರ, ಅಕ್ಕನ ಮದುವೆ, ಊರ ಜಾತ್ರೆ ಎಲ್ಲವೂ ಆ ಆರರಲ್ಲೇ ಮುಗಿಯಬೇಕು.

ಸೆಮಿಸ್ಟರ್‌ನ ಮೊದಲ ನಾಲ್ಕು ವಾರ ಕೆಲಸ ಹಗುರ. ಆಗಲೇ ನಾಲ್ಕು ವಿಡಿಯೋ ಹೆಚ್ಚಿಗೆ ಮಾಡಿ, ದಿನ ಮತ್ತು ಸಮಯ ನಮೂದಿಸಿ ಶೆಡ್ಯೂಲ್‌ಗೆ ಹಾಕಿಡಿ. ಹಾಗೆ ಕೂಡಿಡಲು ಹಳಸದ ವಿಷಯಗಳೇ ಬೇಕು: ವೈವಾ ಪ್ರಶ್ನೆಗಳು, ಒಂದು ಸರ್ಕ್ಯೂಟ್‌ನ ವಿವರಣೆ, ಒಂದು ಪ್ರೋಗ್ರಾಂ. ಫಲಿತಾಂಶದ ಸುದ್ದಿ, ವೇಳಾಪಟ್ಟಿಯ ಸುದ್ದಿ ಮಾಡುವ ಚಾನೆಲ್‌ಗೆ ಈ ಅನುಕೂಲವಿಲ್ಲ. ಪರೀಕ್ಷೆ ಹತ್ತಿರವಾದಷ್ಟೂ ಅದರ ಕೆಲಸ ಹೆಚ್ಚುತ್ತದೆ. ವಿದ್ಯಾರ್ಥಿಗೆ ಅದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲ.

ಇನ್ನು ಎಡಿಟಿಂಗ್. ನಾಲ್ಕು ಗಂಟೆ ಹಿಡಿಯುವುದು ಕತ್ತರಿಸುವ ಕೆಲಸಕ್ಕಲ್ಲ, ಎಲ್ಲಿ ಕತ್ತರಿಸಬೇಕೆಂದು ಹುಡುಕುವುದಕ್ಕೆ. ಮಾತು ತಪ್ಪಿದರೆ ಕ್ಯಾಮೆರಾ ನಿಲ್ಲಿಸಬೇಡಿ. ಎರಡು ಸೆಕೆಂಡ್ ಸುಮ್ಮನಿದ್ದು, ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಇಡೀ ವಾಕ್ಯವನ್ನು ಮೊದಲಿನಿಂದ ಹೇಳಿ. ಎಡಿಟರ್‌ನಲ್ಲಿ ಧ್ವನಿಯ ಗೆರೆ ನೋಡಿದರೆ ಚಪ್ಪಾಳೆ ಬಿದ್ದಲ್ಲೆಲ್ಲ ಮೊನೆಯೊಂದು ಎದ್ದು ಕಾಣುತ್ತದೆ. ಪ್ರತಿ ಮೊನೆಯ ಹಿಂದಿನ ವಾಕ್ಯ ಅಳಿಸುತ್ತಾ ಹೋದರಾಯಿತು, ಪೂರ್ತಿ ಕೇಳುತ್ತಾ ಕೂರಬೇಕಾಗಿಲ್ಲ.

ಮೊಬೈಲಿನಲ್ಲಿ ಚಿತ್ರೀಕರಿಸಿ ಧ್ವನಿಯನ್ನು ಬೇರೆ ಮೈಕಿನಲ್ಲಿ ಹಿಡಿಯುವವರಿಗೆ ಇನ್ನೊಂದು ಕಾಟವಿದೆ. ಶುರುವಿನಲ್ಲಿ ಸರಿಯಿದ್ದ ತುಟಿ ಚಲನೆ, ಏಳನೇ ನಿಮಿಷಕ್ಕೆ ಧ್ವನಿಯಿಂದ ಹಿಂದೆ ಬೀಳುತ್ತದೆ. ಮೊಬೈಲು ಫ್ರೇಮ್ ದರವನ್ನು, ಅಂದರೆ ಸೆಕೆಂಡಿಗೆ ಹಿಡಿಯುವ ಚಿತ್ರಗಳ ಸಂಖ್ಯೆಯನ್ನು, ಸ್ಥಿರವಾಗಿಡದೆ ಏರಿಳಿಸುವುದರಿಂದ ಹೀಗಾಗುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆಯ್ದು, ಫೈಲನ್ನು ಒಮ್ಮೆ ಪರಿವರ್ತಿಸಿಕೊಂಡು ಆಮೇಲೆ ಎಡಿಟಿಂಗ್‌ಗೆ ಕೂರಿ. ಹಾಸ್ಟೆಲ್ ಕೋಣೆಯಾದರೆ ಫ್ಯಾನ್ ಆರಿಸಿ, ಮೈಕನ್ನು ಬಾಯಿಂದ ಒಂದು ಗೇಣು ದೂರವಿಡಿ, ಎದುರಿನ ಗೋಡೆಗೆ ಕಂಬಳಿ ತೂಗುಹಾಕಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಅಮ್ಮನ ಕರೆ ಬರುವುದು ಸರಿಯಾಗಿ ಆಗಲೇ!

ಅಪ್‌ಲೋಡ್‌ಗೆ ಡೇಟಾ ಎಷ್ಟು ಬೇಕು? ಸೆಕೆಂಡಿಗೆ 8 ಮೆಗಾಬಿಟ್, ಅಂದರೆ 8 ಎಂಬಿಪಿಎಸ್ ಬಿಟ್‌ರೇಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಸೆಕೆಂಡಿಗೆ ಒಂದು ಎಂಬಿ, ಎಂಟು ನಿಮಿಷಕ್ಕೆ ಹತ್ತಿರ ಹತ್ತಿರ 480 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಸಿಗುವ ಪ್ಯಾಕಿನಲ್ಲೂ ಮೂರನೇ ಒಂದು ಭಾಗ ಇದಕ್ಕೇ ಹೋಯಿತು. ರಾತ್ರಿ ಮಲಗುವ ಮುಂಚೆ ಉಳಿದ ಡೇಟಾದಲ್ಲಿ ಹಾಕುವುದು ಜಾಣತನ.

ಕೊನೆಗೆ ದುಡ್ಡಿನ ಮಾತು. ಜಾಹೀರಾತಿನ ಪಾಲು ಸಿಗಲು ಸಾವಿರ ಚಂದಾದಾರರ ಜೊತೆಗೆ ಹನ್ನೆರಡು ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಹದಿನೆಂಟು ತುಂಬದ ಪಿಯುಸಿ ಮಕ್ಕಳಾದರೆ, ಗೂಗಲ್ ಈ ಹಣ ಪಾವತಿಸುವ ಆಡ್‌ಸೆನ್ಸ್ ಖಾತೆ ಅಪ್ಪ ಅಮ್ಮನ ಹೆಸರಿನಲ್ಲಿರಬೇಕು. ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ವಿಳಾಸ ಖಚಿತಪಡಿಸುವ ಪಿನ್ ಅಂಚೆಯಲ್ಲಿ ಬರುತ್ತದೆ. ಹಣ ಬ್ಯಾಂಕಿಗೆ ಬರುವುದು 100 ಡಾಲರ್ ದಾಟಿದ ನಂತರ. ಪಿನ್‌ಗೆ ಹಾಸ್ಟೆಲ್ ವಿಳಾಸ ಕೊಡಬೇಡಿ. ರಜೆಯಲ್ಲಿ ನೀವು ಊರಿನಲ್ಲಿದ್ದಾಗ ಆ ಲಕೋಟೆ ವಾರ್ಡನ್ ಕೋಣೆಯ ಯಾವುದೋ ಕಟ್ಟಿನಲ್ಲಿ ಸೇರಿಹೋಗುತ್ತದೆ. ಮನೆಯ ವಿಳಾಸವನ್ನೇ, ಪಿನ್‌ಕೋಡ್ ಸಮೇತ, ಕೊಡಿ. ಅಂಚೆಯಣ್ಣನಿಗೆ ಗುರುತಿರುವ ಅಪ್ಪನ ಹೆಸರನ್ನೂ ವಿಳಾಸದ ಮೊದಲ ಸಾಲಿಗೆ ಸೇರಿಸಿ. ನಮಸ್ಕಾರ.